ಹಳೆಯ ಲೆನ್ಸಿಗೆ ಹೊಂದುವ ಹುಡ್: ಮಂಕಾದ ಚಿತ್ರದಿಂದ ಸರಿಯಾದ ಅಳತೆಯವರೆಗೆ

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ಸಂಜೆಯ ಹೊತ್ತಿನಲ್ಲಿ, ಪೂರ್ವ ದಿಕ್ಕಿನಲ್ಲಿ ನಿಂತು ತೆಗೆದ ಆರು ಚಿತ್ರಗಳಲ್ಲಿ ನಾಲ್ಕು ಹಾಲು ಬೆರೆಸಿದಂತೆ ಮಂಕಾಗಿ ಬಂದವು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಗುಡಿಯ ಹಲವು ಕಂಬಗಳು ಕಡೆದು ನುಣುಪು ಮಾಡಿದವು. ಅವುಗಳ ಮೇಲೆ ಒತ್ತೊತ್ತಾಗಿ ಉಂಗುರಗಳಂತಹ ಗೆರೆಗಳಿವೆ. ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುವ ಆ ಗೆರೆಗಳು ಚಿತ್ರದಲ್ಲಿ ಬೂದಿ ಬಣ್ಣದೊಳಗೆ ಕರಗಿಹೋಗಿದ್ದವು. ಸೂರ್ಯ ಚೌಕಟ್ಟಿನೊಳಗೆ ಇರಲಿಲ್ಲ, ಶಿಖರದ ಬಲಕ್ಕೆ ಸ್ವಲ್ಪ ಮೇಲೆ, ಚೌಕಟ್ಟಿನ ಹೊರಗೇ ಇದ್ದ. ಲೆನ್ಸ್ ದೊಡ್ಡಪ್ಪನವರಿಂದ ಬಂದ ಜೆನಿಟ್-ಇ ಎಂಬ ಸೋವಿಯತ್ ಫಿಲ್ಮ್ ಕ್ಯಾಮೆರಾದ ಹೀಲಿಯೋಸ್ 44-2. ಅದಕ್ಕೆ ಹುಡ್, ಅಂದರೆ ಬದಿಯ ಬೆಳಕು ಗಾಜಿಗೆ ಬೀಳದಂತೆ ಲೆನ್ಸಿನ ಮುಂದೆ ಕೂರಿಸುವ ಮರೆ, ಇರಲಿಲ್ಲ.

ಹುಡ್ ಹಾಕಿದರೆ ಸರಿಹೋಗುತ್ತದೆ ಎಂದು ತಕ್ಷಣ ಒಂದನ್ನು ತರಿಸಿದೆ, ಅದು ಕೂರಲಿಲ್ಲ. ಎರಡನೆಯದು ಅರ್ಧ ಕೂತು ಬಿಗಿಯಿತು. ಮೂರನೆಯದು ಕೂತಿತು, ಆದರೆ ಚಿತ್ರದ ನಾಲ್ಕೂ ಮೂಲೆಗಳನ್ನು ಕತ್ತರಿಸಿತು. ಮೂರು ತಪ್ಪಿಗೂ ಕಾರಣ ಬೇರೆ ಬೇರೆ, ಮತ್ತು ಮೂರನ್ನೂ ಹಣ ಖರ್ಚು ಮಾಡುವ ಮೊದಲೇ ಮನೆಯಲ್ಲಿ ಕಂಡುಹಿಡಿಯಬಹುದಿತ್ತು. ಹಳೆಯ ಲೆನ್ಸನ್ನು ಪ್ರೀತಿಯಿಂದ ಬಳಸುವವರಿಗೆ ಆ ಪರೀಕ್ಷೆಗಳು ಕೈಗೆ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ದೋಷ ಹುಡ್ ಇಲ್ಲದ್ದರಿಂದಲೇ ಬಂದಿದೆಯೇ?

ಬರಿಯ ಗಾಜಿನ ಮೇಲೆ ಬಿದ್ದ ಬೆಳಕಿನಲ್ಲಿ ಪ್ರತಿಯೊಂದು ಮೇಲ್ಮೈಯೂ ಸುಮಾರು 4 ಶೇಕಡಾ ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಹೀಲಿಯೋಸ್ 44-2 ಲೆನ್ಸಿನಲ್ಲಿ ಆರು ಗಾಜುಗಳು ನಾಲ್ಕು ಗುಂಪುಗಳಾಗಿವೆ, ಅಂದರೆ ಗಾಳಿಗೆ ಮುಖಮಾಡಿದ ಎಂಟು ಮೇಲ್ಮೈಗಳು. ಲೇಪನವೇ ಇಲ್ಲದಿದ್ದರೆ ಎಂಟನ್ನೂ ದಾಟಿ ಉಳಿಯುವುದು ಸುಮಾರು 72 ಶೇಕಡಾ ಬೆಳಕು. ಹಿಂದಕ್ಕೆ ಎಸೆದದ್ದರಲ್ಲಿ ಒಂದು ಪಾಲು ಗಾಜಿನಿಂದ ಗಾಜಿಗೆ ಪುಟಿದು, ಕೊನೆಗೆ ಫಿಲ್ಮಿನ ಮೇಲೆ ಬೇಡದ ಕಡೆಯಲ್ಲೆಲ್ಲ ಹರಡುತ್ತದೆ. ಇದನ್ನು ತಗ್ಗಿಸುವ ಲೇಪನದ ವಿಧಾನವನ್ನು ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ರೂಪಿಸಿದರು. ಹೀಲಿಯೋಸ್‌ನಲ್ಲಿಯೂ ಲೇಪನವಿದೆ, ಆದರೆ ಅದು ಒಂದೇ ಪದರದ್ದು. ಪೆಂಟಾಕ್ಸ್‌ನ ಟಕುಮಾರ್ ಲೆನ್ಸುಗಳು ಬಹುಪದರದ ಲೇಪನಕ್ಕೆ ಬಂದದ್ದು 1971ರ ಹೊತ್ತಿಗೆ. ಆದ್ದರಿಂದ ಅದಕ್ಕಿಂತ ಹಿಂದಿನ ಲೆನ್ಸಿಗೆ ಹುಡ್ ಎಂಬುದು ಅಲಂಕಾರದ ವಸ್ತುವಲ್ಲ, ಲೆನ್ಸಿನ ಕೆಲಸದಲ್ಲಿ ಅರ್ಧ ಪಾಲು ಅದರದೇ.

ಹಾಗಿದ್ದರೂ ಮಂಕು ಚಿತ್ರಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅವನ್ನು ಬೇರ್ಪಡಿಸಲು ಕೈಯ ಮರೆಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮಂಕು ಬರುವ ಅದೇ ಕೋನಕ್ಕೆ ತಿರುಗಿಸಿ, ಎಕ್ಸ್‌ಪೋಷರನ್ನು ಕೈಯಾರೆ ನಿಗದಿಪಡಿಸಿ ಒಂದು ಚಿತ್ರ ತೆಗೆಯಬೇಕು. ನಂತರ ಅಂಗೈಯನ್ನು ಲೆನ್ಸಿನಿಂದ ಒಂದು ಗೇಣು ಮುಂದೆ, ಸೂರ್ಯನಿರುವ ಬದಿಗೆ ಹಿಡಿದು, ಅಂಗೈಯ ನೆರಳು ಮುಂಭಾಗದ ಗಾಜನ್ನು ಪೂರ್ತಿ ಮುಚ್ಚುವಂತೆ, ಆದರೆ ಕೈ ಚೌಕಟ್ಟಿನೊಳಗೆ ಬಾರದಂತೆ ಸರಿಹೊಂದಿಸಿ, ಅದೇ ಎಕ್ಸ್‌ಪೋಷರಿನಲ್ಲಿ ಇನ್ನೊಂದು ಚಿತ್ರ ತೆಗೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಚಿತ್ರದ ಅತ್ಯಂತ ಕಪ್ಪು ಜಾಗವನ್ನು ನೋಡಿ. ಎರಡನೆಯದರಲ್ಲಿ ಕಪ್ಪು ಕಪ್ಪಾಗಿಯೇ ಮರಳಿದ್ದರೆ ಹುಡ್ ನಿಮ್ಮ ದೋಷಕ್ಕೆ ಮದ್ದು. ಏನೂ ಬದಲಾಗದಿದ್ದರೆ ಎಷ್ಟು ದುಬಾರಿ ಹುಡ್ ತಂದರೂ ಪ್ರಯೋಜನವಿಲ್ಲ.

ಬದಲಾಗದಿದ್ದಾಗ ಎರಡು ಕಡೆ ಹುಡುಕಬೇಕು. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚನ್ನು ಲೆನ್ಸಿನ ಹಿಂಬದಿಯಿಂದ ಹಾಯಿಸಿ, ಮುಂಬದಿಯಿಂದ ಓರೆಯಾಗಿ ನೋಡಿ. ಗಾಜಿನ ಮೇಲೆ ಉಸಿರು ಬಿಟ್ಟಂತೆ ಸಮನಾದ ಮಬ್ಬು ಕಂಡರೆ ಗ್ರೀಸಿನ ಆವಿ ಒಳಗಿನ ಗಾಜಿಗೆ ಅಂಟಿದೆ. ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಫಂಗಸ್. ಎರಡಕ್ಕೂ ಲೆನ್ಸನ್ನು ಬಿಚ್ಚಿ ಒರೆಸಬಲ್ಲವರ ಕೈಗೆ ಕೊಡುವುದೇ ದಾರಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಇದ್ದರೆ ಚಿಂತೆ ಬೇಡ, ನಮ್ಮ ಸೀಮೆಯಲ್ಲಿ ಧೂಳಿಲ್ಲದ ಲೆನ್ಸನ್ನು ನಾನು ಕಂಡಿಲ್ಲ. ಹಳೆಯ ಲೆನ್ಸನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕಿ ಬಳಸುವವರು ಎಂ 42 ಅಡಾಪ್ಟರಿನ, ಅಂದರೆ ತಿರುಪಿನ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಉಂಗುರದ, ಒಳಗೋಡೆಯನ್ನೂ ನೋಡಬೇಕು. ಅಗ್ಗದ ಅಡಾಪ್ಟರುಗಳ ಒಳಮೈ ಹೊಳೆಯುತ್ತದೆ, ಲೆನ್ಸಿನ ಹಿಂದಿನಿಂದ ಬಂದ ಹೆಚ್ಚುವರಿ ಬೆಳಕನ್ನು ನೇರ ಸೆನ್ಸರಿನ ಮೇಲೆ ಚೆಲ್ಲುತ್ತದೆ, ಚಿತ್ರದ ನಡುವೆ ಬಿಳಿಯ ಮಚ್ಚೆ ಮೂಡಿಸುತ್ತದೆ. ಸ್ಟೇಷನರಿ ಅಂಗಡಿಯ ಕಪ್ಪು ವೆಲ್ವೆಟ್ ಪೇಪರನ್ನು ಪಟ್ಟಿಯಾಗಿ ಕತ್ತರಿಸಿ ಒಳಗೆ ಅಂಟಿಸಿದರೆ ಅದು ನಿಲ್ಲುತ್ತದೆ.

ಸೂರ್ಯನೇ ಚೌಕಟ್ಟಿನೊಳಗಿದ್ದರೆ ಯಾವ ಹುಡ್ ಕೂಡ ಕೆಲಸಕ್ಕೆ ಬಾರದು. ಇನ್ನೊಂದು ಮಾತು: ಬೇಡದ ಬೆಳಕು ಯಾವಾಗಲೂ ಮೇಲಿನಿಂದಲೇ ಬರುವುದಿಲ್ಲ. ಗಂಗಾವತಿಯ ಕಡೆ ನಾಟಿಯ ಕಾಲದಲ್ಲಿ ನೀರು ನಿಂತ ಗದ್ದೆಯ ಬದುವಿನ ಮೇಲೆ ನಿಂತು ಚಿತ್ರ ತೆಗೆಯುವಾಗ ಇಡೀ ಆಕಾಶ ಕಾಲ ಕೆಳಗಿನಿಂದ ಲೆನ್ಸಿಗೆ ಬಡಿಯುತ್ತದೆ. ಆನೆಗೊಂದಿಯ ಬಂಡೆಗಳ ನಡುವೆ ನಾಲ್ಕೂ ಬದಿಯಿಂದ ಬಡಿಯುತ್ತದೆ. ಟೋಪಿಯ ಅಂಚನ್ನೋ ಪುಸ್ತಕವನ್ನೋ ಮೇಲೆ ಹಿಡಿದರೆ ಸಾಕೆನ್ನುವ ಸಲಹೆ ಅಲ್ಲಿ ಸೋಲುವುದು ಇದಕ್ಕೇ. ಸುತ್ತಲೂ ಮರೆ ಮಾಡುವ ಹುಡ್ಡೇ ಬೇಕು.

ಹುಡ್ ಕೂರುವುದಿಲ್ಲ

ನನ್ನ ಮೊದಲ ತಪ್ಪು ಓದುವುದರಲ್ಲಿತ್ತು. ಲೆನ್ಸಿನ ಮುಂಭಾಗದ ಉಂಗುರದ ಮೇಲೆ 2/58 ಎಂದು ಕೆತ್ತಿದೆ. 58 ಎಂಬ ಸಂಖ್ಯೆಯನ್ನು ನೋಡಿ 58 ಮಿ.ಮೀ. ಹುಡ್ ತರಿಸಿದೆ, ಅದು ಲೆನ್ಸಿನ ಸುತ್ತ ಬಳೆಯಂತೆ ಓಡಾಡಿತು. 58 ಎಂಬುದು ಫೋಕಲ್ ಲೆಂತ್ (ಲೆನ್ಸಿನ ನೋಟ ಎಷ್ಟು ಅಗಲ ಎಂದು ಹೇಳುವ ದೂರ), 2 ಎಂಬುದು ಅತಿ ದೊಡ್ಡ ಅಪರ್ಚರ್ (ಬೆಳಕು ಹಾಯುವ ಕಿಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಹುಡ್ ಕೂರುವುದು ಉಂಗುರದೊಳಗಿನ ಫಿಲ್ಟರ್ ಥ್ರೆಡ್ಡಿಗೆ, ಅಂದರೆ ಫಿಲ್ಟರನ್ನು ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳಿಗೆ. ಆ ಫಿಲ್ಟರಿನ ಅಳತೆ ಅಲ್ಲಿ ಬರೆದೇ ಇಲ್ಲ. ಇಂದಿನ ಲೆನ್ಸುಗಳಲ್ಲಿ ವೃತ್ತದ ಮೇಲೆ ಓರೆಗೆರೆ ಎಳೆದ ಚಿಹ್ನೆಯ ಮುಂದೆ ಆ ಅಳತೆ ಇರುತ್ತದೆ. ಹಳೆಯವುಗಳಲ್ಲಿ ಬಹುಪಾಲು ಇರುವುದಿಲ್ಲ, ಅಳೆದೇ ತಿಳಿಯಬೇಕು.

ಅಳೆಯುವಾಗ ಎರಡನೆಯ ಎಡವಟ್ಟು ಕಾದಿರುತ್ತದೆ. ವರ್ನಿಯರ್ ಕ್ಯಾಲಿಪರಿನ ಒಳದವಡೆಗಳನ್ನು ಫಿಲ್ಟರ್ ಥ್ರೆಡ್ಡಿನೊಳಗೆ ಇಟ್ಟರೆ 48.2ರಿಂದ 48.5 ಮಿ.ಮೀ. ತೋರಿಸುತ್ತದೆ. ದವಡೆ ಮುಟ್ಟುವುದು ಥ್ರೆಡ್ಡಿನ ಏಣುಗಳನ್ನು, ತಗ್ಗುಗಳನ್ನಲ್ಲ. ಆದ್ದರಿಂದ ಹೆಸರಿನ ಅಳತೆಗಿಂತ ಓದು ಯಾವಾಗಲೂ ಸುಮಾರು 0.5ರಿಂದ 0.8 ಮಿ.ಮೀ. ಕಡಿಮೆಯೇ ಇರುತ್ತದೆ. ಓದನ್ನು ಕೆಳಕ್ಕೆ ಇಳಿಸದೆ ಮೇಲಿನ ಪೂರ್ಣಸಂಖ್ಯೆಗೆ ಏರಿಸಬೇಕು: ಇಲ್ಲಿ 49. ಇದೇ ರೀತಿ 51.2 ಬಂದರೆ 52, 54.2 ಬಂದರೆ 55. ಹೀಲಿಯೋಸ್ 44-2 ಮತ್ತು ಸೂಪರ್ ಟಕುಮಾರ್ 55 ಮಿ.ಮೀ. ಎಫ್ 1.8 ಎರಡೂ 49ರವು. ಹೀಲಿಯೋಸ್ 44ಎಂ ಮಾತ್ರ 52. ನಿಕಾನ್‌ನ ಅನೇಕ ಹಳೆಯ ಲೆನ್ಸುಗಳು 52, ಯಾಶಿಕಾ ಎಲೆಕ್ಟ್ರೋ 35 ಕ್ಯಾಮೆರಾದ ಲೆನ್ಸ್ 55. ಥ್ರೆಡ್ಡೇ ಇಲ್ಲದ ಲೆನ್ಸುಗಳೂ ಇವೆ. ಲೈಕಾದ ಹಳೆಯ ಎಲ್ಮಾರ್‌ಗೆ 36 ಮಿ.ಮೀ. ಹೊರಮೈಯ ಮೇಲೆ ಬಿಗಿಯುವ ಹುಡ್ ಬೇಕು, ಯಾಶಿಕಾ ಮ್ಯಾಟ್ 124ಜಿ ಲೆನ್ಸಿಗೆ ರೋಲೈ ಬೇ 1 ಎಂಬ ತಿರುಗಿಸಿ ಕೂರಿಸುವ ಕಚ್ಚು ಇರುವ ಹುಡ್ ಬೇಕು. ಇಂಥವಕ್ಕೆ ಹೊರವ್ಯಾಸವನ್ನು ಅಳೆಯಬೇಕೇ ಹೊರತು ಒಳವ್ಯಾಸವನ್ನಲ್ಲ.

ಎರಡನೆಯ ಹುಡ್ 49ರದೇ ಆಗಿತ್ತು. ಒಂದೂವರೆ ಸುತ್ತು ಸಲೀಸಾಗಿ ಹೋಗಿ ಅಲ್ಲೇ ಬಿಗಿದು ನಿಂತಿತು. ಇಂಥ ಕಡೆ ಕೈಯ ಬಲ ಹಾಕಲೇಬಾರದು. ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಕೆಟ್ಟರೆ ಮತ್ತೆ ಬರುವುದಿಲ್ಲ. ಬಿಗಿಯುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಹಿಂದೆಂದೋ ಲೆನ್ಸ್ ಕೆಳಗೆ ಬಿದ್ದು ಉಂಗುರ ಸೊಟ್ಟಗಾಗಿದ್ದರೆ, ಹುಡ್ಡನ್ನು ಬಿಚ್ಚಿ ಬೇರೆ ಜಾಗದಿಂದ ಶುರುಮಾಡಿದರೂ ಆರಂಭದಲ್ಲಿಯೇ ತಡೆಯುತ್ತದೆ ಮತ್ತು ವರ್ನಿಯರ್ ಅಡ್ಡಕ್ಕೊಂದು ಉದ್ದಕ್ಕೊಂದು ಅಳತೆ ಹೇಳುತ್ತದೆ. ಅಳತೆ ಎಲ್ಲ ಕಡೆ ಒಂದೇ ಇದ್ದು, ಸಲೀಸಾಗಿ ಶುರುವಾಗಿ ನಂತರ ಬಿಗಿದರೆ, ಥ್ರೆಡ್ಡಿನ ಅಂತರವೇ ಬೇರೆ. ಇಂದಿನ ಫಿಲ್ಟರುಗಳಲ್ಲಿ ಏಣಿನಿಂದ ಏಣಿಗೆ ಸಾಮಾನ್ಯವಾಗಿ 0.75 ಮಿ.ಮೀ. ಇರುತ್ತದೆ, ಹಳೆಯ ಸೋವಿಯತ್ ಲೆನ್ಸುಗಳಲ್ಲಿ 0.5 ಮಿ.ಮೀ. ಇರುವುದುಂಟು.

ಇದನ್ನು ಖಚಿತಪಡಿಸಿಕೊಳ್ಳಲು ಮಕ್ಕಳು ಆಡುವ ಕ್ಲೇ ಸಾಕು. ಗಾಜಿನ ಮೇಲೆ ಒಂದು ಸ್ವಚ್ಛವಾದ ಬಟ್ಟೆಯ ತುಂಡನ್ನು ಇಟ್ಟು, ಹುಣಸೆ ಬೀಜದಷ್ಟು ಕ್ಲೇಯನ್ನು ಉಂಗುರದ ಒಳಮೈಗೆ ಒತ್ತಿ ನಿಧಾನವಾಗಿ ಬಿಡಿಸಿ ತೆಗೆಯಿರಿ. ಕ್ಲೇ ಮೇಲೆ ಮೂಡಿದ ಗೆರೆಗಳನ್ನು ಭೂತಗನ್ನಡಿಯಲ್ಲಿ ಎಣಿಸಿ: 3 ಮಿ.ಮೀ. ಉದ್ದದಲ್ಲಿ ನಾಲ್ಕು ಗೆರೆ ಬಂದರೆ 0.75, ಆರು ಬಂದರೆ 0.5. ನನ್ನದರಲ್ಲಿ ಆರು ಇದ್ದವು. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಶಾಫ್ಟುಗಳನ್ನು ಕಡೆದುಕೊಡುವ ಲೇತ್ ಅಂಗಡಿಯವರು ಲೆನ್ಸನ್ನು ಕೈಗೆ ತೆಗೆದುಕೊಂಡು, ಪಿಚ್ ಗೇಜಿನ ಒಂದು ಎಸಳನ್ನು ಥ್ರೆಡ್ಡಿಗೆ ಆನಿಸಿ, ಬೆಳಕಿನ ಕಡೆ ಹಿಡಿದು ನೋಡಿ, "ಅರ್ಧ ಎಂ.ಎಂ. ಐತ್ರಿ ಸರ, ಸಣ್ಣ ಥ್ರೆಡ್. ಮಾಡಿಕೊಡ್ತೀನಿ ಬಿಡ್ರಿ" ಎಂದರು. ಕ್ಲೇಯ ಎಣಿಕೆ ಸರಿಯಾಗಿದ್ದುದು ತಿಳಿದು ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಹುಡ್ ಕೂರುತ್ತದೆ, ಮೂಲೆಗಳು ಕಪ್ಪಾಗುತ್ತವೆ

ಮೂರನೆಯ ಹುಡ್ ಹೊರಮೈಗೆ ಸ್ಕ್ರೂ ಬಿಗಿದು ನಿಲ್ಲಿಸುವಂಥದ್ದು, ಉದ್ದ ಕೊಳವೆಯಂತಿತ್ತು. ವ್ಯೂಫೈಂಡರಿನಲ್ಲಿ ನೋಡಿದಾಗ ಮೂಲೆಗಳು ಸ್ವಚ್ಛವಾಗಿದ್ದವು, ಫಿಲ್ಮ್ ತೊಳೆದು ಬಂದಾಗ ನಾಲ್ಕೂ ಕಡೆ ಕಪ್ಪು. ಕಾರಣ ಕ್ಯಾಮೆರಾದಲ್ಲಿಯೇ ಇದೆ: ಜೆನಿಟ್-ಇ ವ್ಯೂಫೈಂಡರ್ 24 ಗುಣಿಸು 36 ಮಿ.ಮೀ. ಚೌಕಟ್ಟಿನಲ್ಲಿ ನಡುವಿನ 20 ಗುಣಿಸು 28 ಮಿ.ಮೀ. ಭಾಗವನ್ನಷ್ಟೇ ತೋರಿಸುತ್ತದೆ. ಹುಡ್ ಕತ್ತರಿಸುವ ಮೂಲೆಗಳು ಕಣ್ಣಿಗೆ ಬೀಳುವುದೇ ಇಲ್ಲ. ಅಂಥ ಕ್ಯಾಮೆರಾ ಇರುವವರು ವ್ಯೂಫೈಂಡರನ್ನು ನಂಬದೆ, ಫಿಲ್ಮ್ ಹಾಕುವ ಮುನ್ನ ಹಿಂಬಾಗಿಲನ್ನು ತೆರೆದು, ಶಟರನ್ನು ಬಿ ಸ್ಥಾನಕ್ಕೆ (ಗುಂಡಿ ಒತ್ತಿದಷ್ಟು ಹೊತ್ತೂ ಶಟರ್ ತೆರೆದಿರುವ ಸ್ಥಾನ) ಇಟ್ಟು ಒತ್ತಿ ಹಿಡಿದು, ಫಿಲ್ಮ್ ಕೂರುವ ಕಿಂಡಿಯ ಒಂದು ಮೂಲೆಯಿಂದ ಲೆನ್ಸಿನೊಳಗೆ ನೋಡಬೇಕು. ಫೋಕಸ್ ಇನ್ಫಿನಿಟಿಯಲ್ಲಿ, ಅಂದರೆ ಅತಿ ದೂರಕ್ಕೆ, ಇರಲಿ, ಏಕೆಂದರೆ ಚಿತ್ರದ ಕೋನ ಅಲ್ಲಿ ಅತಿ ಅಗಲ. ಹುಡ್ ಹಾಕದೆ ನೋಡಿದಾಗ ಬೆಳಕಿನ ಕಿಂಡಿ ಬಾದಾಮಿಯ ಆಕಾರದಲ್ಲಿ ಕಾಣುತ್ತದೆ. ಹುಡ್ ಹಾಕಿದಾಗಲೂ ಅದೇ ಆಕಾರ ಪೂರ್ತಿಯಾಗಿ ಕಂಡರೆ ಹುಡ್ ಯಾವುದಕ್ಕೂ ಅಡ್ಡಬಂದಿಲ್ಲ. ಹೊರಗಿನ ಅಂಚಿನಿಂದ ಒಂದು ಕಪ್ಪು ಕಮಾನು ಒಳಗೆ ಇಣುಕಿದರೆ ಅದು ಹುಡ್ಡಿನ ತುದಿ.

ಡಿಜಿಟಲ್ ಕ್ಯಾಮೆರಾದಲ್ಲಿ ಈ ಪರೀಕ್ಷೆ ಇನ್ನೂ ಸುಲಭ. ಬಿಳಿ ಗೋಡೆಯನ್ನೋ ಬರಿಯ ಆಕಾಶವನ್ನೋ ಇನ್ಫಿನಿಟಿ ಫೋಕಸಿನಲ್ಲಿ, ಎಫ್ 16ರಲ್ಲಿ ತೆಗೆಯಿರಿ. ಅಪರ್ಚರ್ ತೆರೆದಿದ್ದಾಗ ಲೆನ್ಸ್ ತಾನಾಗಿಯೇ ಮೂಲೆಗಳನ್ನು ಸ್ವಲ್ಪ ಕಪ್ಪು ಮಾಡುತ್ತದೆ, ಆ ಕಪ್ಪನ್ನು ಹುಡ್ಡಿನ ತಲೆಗೆ ಕಟ್ಟಬಾರದು. ಎಫ್ 16ರಲ್ಲಿ ಲೆನ್ಸಿನ ಕಪ್ಪು ಬಹುಮಟ್ಟಿಗೆ ಹೋಗಿರುತ್ತದೆ, ಉಳಿಯುವ ಗಡುಸಾದ ಕಪ್ಪು ಅಂಚು ಹುಡ್ಡಿನದೇ. ನಂತರ ಎಫ್ 2ರಲ್ಲಿ ಹುಡ್ ಹಾಕಿ ಒಂದು, ತೆಗೆದು ಒಂದು ಚಿತ್ರ ತೆಗೆದು ಹೋಲಿಸಿ. ಎಫ್ 16ರಲ್ಲಿ ಕಾಣದ ಸಣ್ಣ ಅಡ್ಡಿ ಇಲ್ಲಿ ಮೂಲೆಗಳ ಮಂಕಾಗಿ ಕಾಣಿಸಿಕೊಳ್ಳುತ್ತದೆ.

ಎಷ್ಟು ಉದ್ದ, ಎಷ್ಟು ಅಗಲ

ಮೂಲೆ ಕತ್ತರಿಸಬಾರದೆಂದು ತೀರಾ ಗಿಡ್ಡ ಹುಡ್ ಹಾಕುವುದು ಇನ್ನೊಂದು ತಪ್ಪು, ಆಗ ಮರೆಯೇ ಆಗುವುದಿಲ್ಲ. ಮೂಲೆಯನ್ನು ಮುಟ್ಟದೆ ಎಷ್ಟು ಮುಂದೆ ಹೋಗಬಹುದೋ ಅಷ್ಟು ಹೋಗಬೇಕು, ಮತ್ತು ಆ ಮಿತಿಯನ್ನು ಲೆಕ್ಕದಿಂದ ತಿಳಿಯಬಹುದು. 35 ಮಿ.ಮೀ. ಫಿಲ್ಮ್ ಚೌಕಟ್ಟಿನ ಕರ್ಣದ ಅರ್ಧ 21.6 ಮಿ.ಮೀ. ಅದನ್ನು ಫೋಕಲ್ ಲೆಂತ್‌ನಿಂದ ಭಾಗಿಸಿ. 58ರ ಲೆನ್ಸಿಗೆ 0.37 ಬರುತ್ತದೆ. ಅಂದರೆ ಗಾಜಿನಿಂದ ಮುಂದಕ್ಕೆ ಹೋಗುವ ಪ್ರತಿ 10 ಮಿ.ಮೀ.ಗೆ ಹುಡ್ ಒಂದೊಂದು ಬದಿಗೂ 3.7 ಮಿ.ಮೀ. ಅಗಲವಾಗುತ್ತ ಹೋಗಬೇಕು. ಎಪಿಎಸ್-ಸಿ ಎಂಬ, ಫಿಲ್ಮ್ ಚೌಕಟ್ಟಿಗಿಂತ ಚಿಕ್ಕದಾದ ಸೆನ್ಸರಿನ ಕ್ಯಾಮೆರಾದಲ್ಲಿ ಅರ್ಧ ಕರ್ಣ ಸುಮಾರು 14.1, ಫಲ 0.24, ಅದೇ ಲೆನ್ಸಿಗೆ ಅಲ್ಲಿ ಹುಡ್ ಇನ್ನಷ್ಟು ಉದ್ದವಾಗಿರಬಹುದು. 28ರ ಅಗಲ ಲೆನ್ಸಿಗೆ ಫಿಲ್ಮಿನಲ್ಲಿ 0.77 ಬರುತ್ತದೆ, ಆದ್ದರಿಂದಲೇ ಅಂಥವಕ್ಕೆ ತಟ್ಟೆಯಂತಹ ಗಿಡ್ಡ ಹುಡ್ ಬಿಟ್ಟರೆ ಬೇರೆ ಹೊಂದುವುದಿಲ್ಲ.

ಕಾಣುವ ಗಾಜಿನ ವ್ಯಾಸ 34 ಮಿ.ಮೀ., ಹುಡ್ಡಿನ ಒಳವ್ಯಾಸ 46 ಎಂದಿಟ್ಟುಕೊಳ್ಳೋಣ. ಒಂದೊಂದು ಬದಿಗೆ ಸಿಗುವುದು 6 ಮಿ.ಮೀ.; 6ನ್ನು 0.37ರಿಂದ ಭಾಗಿಸಿದರೆ ಗಾಜಿನಿಂದ 16 ಮಿ.ಮೀ. ದೂರವಷ್ಟೇ. ಹೀಲಿಯೋಸ್‌ನಲ್ಲಿ ಗಾಜು ಉಂಗುರದ ಅಂಚಿನಿಂದ ಒಳಕ್ಕೆ ಕೂತಿದೆ, ಆ ಒಳದೂರವೂ ಈ 16ರಲ್ಲಿಯೇ ಸೇರುತ್ತದೆ. ಆದ್ದರಿಂದ 49ರ ನೇರ ಕೊಳವೆ ಉಂಗುರದಿಂದ ಹೆಚ್ಚು ಹೊರಗೆ ಚಾಚುವ ಹಾಗಿಲ್ಲ. ನನ್ನ ಮೂರನೆಯ ಹುಡ್ ಸೋತದ್ದು ಇಲ್ಲಿಯೇ. ಹುಡ್ ಅಗಲವಾಗಿದ್ದರೆ ಮಾತ್ರ ಉದ್ದವಾಗಬಹುದು: ಒಳವ್ಯಾಸ 56 ಆದರೆ ಅದೇ ಲೆಕ್ಕದಲ್ಲಿ ಗಾಜಿನಿಂದ ಸುಮಾರು 30 ಮಿ.ಮೀ. ಸಿಗುತ್ತದೆ.

ಈ ಲೆಕ್ಕ ಮೂಲೆಯನ್ನು ಪೂರ್ತಿ ಕಾಪಾಡುವ ಲೆಕ್ಕ, ನಿಜವಾದ ಮಿತಿ ಇದಕ್ಕಿಂತ ಸ್ವಲ್ಪ ಮುಂದಿರುತ್ತದೆ. ಆ ಕೊನೆಯ ಕೆಲವು ಮಿಲಿಮೀಟರುಗಳನ್ನು ಕಾಗದದಿಂದ ತಿಳಿಯುವುದೇ ಮೇಲು. ಕಪ್ಪು ಡ್ರಾಯಿಂಗ್ ಶೀಟನ್ನು ಹುಡ್ಡಿನ ಅಗಲಕ್ಕೆ ಸುತ್ತಿ, ಟೇಪಿನಿಂದ ನಿಲ್ಲಿಸಿ, ಮೂಲೆ ಕಪ್ಪಾಗುವವರೆಗೆ ಮುಂದೆ ಸರಿಸಿ, ಕಪ್ಪಾದ ಜಾಗದಿಂದ 2 ಮಿ.ಮೀ. ಹಿಂದಕ್ಕೆ ಎಳೆದು ಪೆನ್ಸಿಲಿನಿಂದ ಗುರುತು ಮಾಡಬೇಕು. ಫಿಲ್ಟರ್ ಹಾಕಿಯೇ ಬಳಸುವವರು ಅದನ್ನು ಹಾಕಿಯೇ ಅಳೆಯಬೇಕು, ಹುಡ್ ಅಷ್ಟು ಮುಂದಕ್ಕೆ ಹೋಗಿರುತ್ತದೆ. ಅಂಗಡಿಗೆ ಹೋಗುವಾಗ ಲೆನ್ಸಿನ ಹೆಸರಿಗಿಂತ ಆ ಕಾಗದದ ಕೊಳವೆಯನ್ನು ಒಯ್ಯಿರಿ.

ಫೋಕಸ್ ಮಾಡುವಾಗ ಮುಂಭಾಗ ತಿರುಗುವ ಲೆನ್ಸುಗಳಿಗೆ ಹೂವಿನ ಎಸಳಿನಂತೆ ಕತ್ತರಿಸಿದ ಹುಡ್ ಬೇಡ, ಎಸಳುಗಳೂ ತಿರುಗಿ ಮೂಲೆಗೆ ಬರುತ್ತವೆ. ರಬ್ಬರಿನ ಮಡಚುವ ಹುಡ್ ಅಗ್ಗ ಮತ್ತು ಆರಂಭಕ್ಕೆ ಒಳ್ಳೆಯದು, ಆದರೆ ಏಪ್ರಿಲ್, ಮೇ ತಿಂಗಳ ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ಮೆತ್ತಗಾಗಿ ಜೋತು ಬೀಳುತ್ತದೆ, ಜೋತ ಅಂಚು ಚಿತ್ರದೊಳಗೆ ಇಳಿಯುತ್ತದೆ.

ಹುಡ್ ಇದ್ದರೂ ಮಂಕು ಹೋಗಿಲ್ಲ

ಕೂತಿದೆ, ಮೂಲೆ ಕತ್ತರಿಸಿಲ್ಲ, ಆದರೂ ಚಿತ್ರ ತೆಳುವಾಗಿದೆ ಎಂದಾದರೆ ಹುಡ್ಡಿನ ಒಳಮೈ ನೋಡಿ. ಅದನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದಾಗ ಒಳಗೋಡೆ ಹೊಳೆದರೆ, ಹೊರಗಿನ ಬೆಳಕನ್ನು ತಡೆಯಬೇಕಾದ ಗೋಡೆಯೇ ಅದನ್ನು ಗಾಜಿನೊಳಗೆ ಕಳಿಸುತ್ತಿದೆ. ಕಪ್ಪು ಬಣ್ಣವಿದ್ದರೆ ಸಾಲದು, ಹೊಳಪಿಲ್ಲದ ಕಪ್ಪು ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಪ್ಪು ಹಲಗೆಯ ಪೇಂಟನ್ನು ತೆಳುವಾಗಿ ಎರಡು ಸಲ ಬಳಿದು, ಎರಡು ದಿನ ಒಣಗಲು ಬಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಲೆನ್ಸಿಗೆ ಹಾಕಬಹುದು.

ಕೊನೆಗೆ ನನ್ನ ಲೆನ್ಸಿಗೆ ಹೊಂದಿದ್ದು ಮೊದಲು ತಪ್ಪಾಗಿ ತರಿಸಿದ ಅದೇ 58ರ ಹುಡ್. ಲೇತ್ ಅಂಗಡಿಯವರು ಅಲ್ಯೂಮಿನಿಯಂ ತುಂಡಿನಿಂದ ಒಂದು ಉಂಗುರ ಕಡೆದರು: ಒಂದು ಬದಿಗೆ 49ರ ಅರ್ಧ ಮಿ.ಮೀ. ಥ್ರೆಡ್, ಇನ್ನೊಂದು ಬದಿಗೆ 58ರ 0.75. ಹೀಲಿಯೋಸ್ 44-2ರ ಅಪರ್ಚರ್ ಉಂಗುರಗಳು ತೀರಾ ಮುಂದೆ ಇರುವುದರಿಂದ, ಅಗಲವಾದ ಉಂಗುರ ಬೆರಳಿಗೆ ಅಡ್ಡಬಾರದಂತೆ ಹಿಂಬದಿಯ ಅಂಚನ್ನು ಓರೆಯಾಗಿ ಕತ್ತರಿಸಲು ಮೊದಲೇ ಹೇಳಿದ್ದೆ. ಕಾಗದದ ಗುರುತಿನ ಪ್ರಕಾರ ಹುಡ್ಡನ್ನು ಗಿಡ್ಡ ಮಾಡಿಸಿ, ಒಳಗೆ ಹಲಗೆಯ ಪೇಂಟ್ ಬಳಿದು, ಮತ್ತೆ ಅದೇ ಹೊತ್ತಿಗೆ ಇಟಗಿಗೆ ಹೋದೆ. ಸೂರ್ಯ ಶಿಖರದ ಬಲಕ್ಕೆ ಅದೇ ಜಾಗದಲ್ಲಿದ್ದ. ಈ ಸಲದ ಚಿತ್ರದಲ್ಲಿ ಎಡಗಡೆಯ ಕಂಬದ ಉಂಗುರಗಳನ್ನು ಒಂದೊಂದಾಗಿ ಎಣಿಸಬಹುದು, ಎರಡು ಉಂಗುರಗಳ ನಡುವಿನ ತಗ್ಗು ಕಪ್ಪಾಗಿಯೇ ಇದೆ. ಎಫ್ 16ರಲ್ಲಿ ತೆಗೆದ ಒಂದರ ಎಡ ಕೆಳಮೂಲೆಯಲ್ಲಿ ಉಗುರಿನ ತುದಿಯಷ್ಟು ಕಪ್ಪು ಉಳಿದಿತ್ತು. ಹುಡ್ಡಿನ ಅಂಚನ್ನು ಇನ್ನೊಂದು ಮಿಲಿಮೀಟರ್ ಅರದಿಂದ ಉಜ್ಜಿದ ಮೇಲೆ ಅದೂ ಹೋಯಿತು.